ಕುಂಡದ ಲಿಂಬೆಗಿಡ ಮತ್ತು ಶ್ರಾವಕನ ಪ್ರಮಾದ

‘ನಿದಾನ’ ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಒಂದು ಅರ್ಥ, ವೈದ್ಯದಲ್ಲಿ ಇನ್ನೊಂದು ಅರ್ಥ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಹೇಳುವಾಗ, ಆಚರಿಸಿದ ವ್ರತಕ್ಕೆ ಪ್ರತಿಫಲವಾಗಿ ಭೋಗವನ್ನು ಬಯಸುವುದೇ ನಿದಾನ; ಅದು ವ್ರತಿಯ ಮನಸ್ಸಿನಲ್ಲಿ ನೆಟ್ಟ ಮುಳ್ಳು. ವೈದ್ಯನಿಗಾದರೋ ನಿದಾನವೆಂದರೆ ರೋಗದ ಮೂಲಕಾರಣವನ್ನು ಶೋಧಿಸಿ ನಿಶ್ಚಯಿಸುವುದು. ಅದು ಚಿಕಿತ್ಸೆಯ ಮೊದಲ ಮೆಟ್ಟಿಲು. ಒಂದು ಬಿಡಬೇಕಾದದ್ದು, ಇನ್ನೊಂದು ಹಿಡಿಯಬೇಕಾದದ್ದು. ಹೊನ್ನಾವರದ ಒಬ್ಬ ಜವಳಿ ವ್ಯಾಪಾರಿಗಳು ತಮ್ಮ ಮನೆಯ ಕುಂಡದಲ್ಲಿದ್ದ ಲಿಂಬೆಗಿಡದ ವಿಷಯದಲ್ಲಿ ಬಿಡಬೇಕಾದ ನಿದಾನವನ್ನು ಹಿಡಿದು, ಹಿಡಿಯಬೇಕಾದ ನಿದಾನವನ್ನು ಬಿಟ್ಟರು. ಅದರಿಂದಾದ ಹಾನಿ ಲೋಕದ ಲೆಕ್ಕದಲ್ಲಿ ಅಲ್ಪ. ಶ್ರಾವಕನ ಲೆಕ್ಕದಲ್ಲಿ ಅಲ್ಪವಲ್ಲ.

ಈ ಮನೆತನದ ಮೂಲಸ್ಥಾನ ಭಟ್ಕಳ ತಾಲೂಕಿನ ಹಾಡುವಳ್ಳಿ. ಸಂಗೀತಪುರವೆಂದು ಹೆಸರಾಗಿದ್ದ, ಸಾಳುವ ಅರಸರು ಆಳಿದ, ಇಪ್ಪತ್ತನಾಲ್ಕು ತೀರ್ಥಂಕರರ ಬಸದಿಯಿರುವ ಊರು ಅದು. ಕ್ರಿ.ಶ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ರಚಿಸಿದ ಭಟ್ಟಾಕಳಂಕದೇವರ ಹೆಸರು ಆ ಊರಿನ ಗುರುಪರಂಪರೆಯೊಡನೆ ಸೇರಿಕೊಂಡಿದೆ. ಒಂದು ಕಾಲದ ರಾಜಧಾನಿ ಈಗ ಕಾಡು, ಗದ್ದೆ, ತೋಟಗಳ ನಡುವಿನ ಗ್ರಾಮ. ಹಿತ್ತಲಿನ ಲಿಂಬೆಯ ಮೊದಲ ಹಣ್ಣುಗಳನ್ನು ಬಸದಿಯ ಪೂಜೆಗೆ ಒಪ್ಪಿಸುವುದು ಆ ಮನೆಯ ಹೆಂಗಸರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಪದ್ಧತಿ. ಯಕ್ಷ-ಯಕ್ಷಿಯರ ಶಿಲ್ಪಗಳಲ್ಲಿ ಕೈಯೊಳಗೆ ಮಾದಳದ ಹಣ್ಣು ಇರುವುದನ್ನು ಕಂಡವರಿಗೆ ಈ ವರ್ಗದ ಹಣ್ಣುಗಳಿಗೆ ಸಂದ ಗೌರವ ಎಷ್ಟು ಹಳೆಯದೆಂಬುದು ತಿಳಿದೇ ಇದೆ.

ವ್ಯಾಪಾರಕ್ಕಾಗಿ ಮನೆತನವು ಹೊನ್ನಾವರಕ್ಕೆ ಬಂದಾಗ ಯಜಮಾನರ ತಾಯಿ ಹಾಡುವಳ್ಳಿಯ ಲಿಂಬೆಯ ಒಂದು ಸಸಿಯನ್ನು ತಂದು ಮನೆಯ ಅಂಗಳದಲ್ಲಿ ನೆಟ್ಟರು. ಅದು ಮರವಾಯಿತು, ಹಣ್ಣನ್ನೂ ಕೊಟ್ಟಿತು. ಮುಂದೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ, ಕರಾವಳಿಯ ಪಟ್ಟಣಗಳಲ್ಲಿ ರಸ್ತೆಯ ಬದಿಯ ಅನೇಕ ಮನೆಗಳಂತೆ, ಈ ಮನೆಯೂ ಅಂಗಳವನ್ನು ಕಳೆದುಕೊಂಡಿತು. ಮರ ಉರುಳುವ ಮೊದಲು ಆ ವೃದ್ಧೆ ಅದರ ಒಂದು ಕೊಂಬೆಗೆ ಗೂಟಿ ಕಟ್ಟಿಸಿ, ಬೇರು ಬಂದ ಮೇಲೆ ಅದನ್ನು ದೊಡ್ಡ ಕುಂಡದಲ್ಲಿ ಇರಿಸಿದರು. ಹೊಸ ಮನೆಗೆ ಮಣ್ಣಿನ ಅಂಗಳವಿಲ್ಲ. ಕುಂಡವನ್ನು ಮಾಳಿಗೆಯ ಮೇಲಿನ ಕಿಟಕಿಯ ಪಕ್ಕದಲ್ಲಿ, ಹೊಳೆಯುವ ಟೈಲ್ಸ್ ನೆಲದ ಮೇಲೆ, ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಇಡಲಾಯಿತು. ಎರಡು ವರ್ಷಗಳ ತರುವಾಯ ತಾಯಿ ತೀರಿಕೊಂಡರು. ಅವರ ಕೊನೆಯ ದಿನಗಳ ಮಾತುಗಳಲ್ಲಿ ಒಂದು ಈ ಗಿಡದ ಹಣ್ಣಿನದಾಗಿತ್ತು: “ಮೊದಲು ಬಂದದ್ದನ್ನು ಬಸದಿಗೆ ಕೊಡು, ಮರೆಯಬೇಡ.”

ಮರುವರ್ಷದ ಬೇಸಿಗೆಯಲ್ಲಿ ಗಿಡ ಮೊದಲ ಬಾರಿಗೆ ಕಾಯಿ ಕಚ್ಚಿತು. ಭಾದ್ರಪದದ ದಶಲಕ್ಷಣ ಪರ್ವಕ್ಕೆ ತಾಯಿಯ ಹೆಸರಿನಲ್ಲಿ ಹಣ್ಣನ್ನು ಒಪ್ಪಿಸಬೇಕೆಂದು ಯಜಮಾನರು ಮನಸ್ಸಿನಲ್ಲೇ ನಿಶ್ಚಯಿಸಿದರು. ಅಂದಿನಿಂದ ಗಿಡವನ್ನು ನೋಡುವಾಗಲೆಲ್ಲ ಅವರ ಕಣ್ಣಿಗೆ ಕಾಣುತ್ತಿದ್ದುದು ಗಿಡವಲ್ಲ, ಕಾಯಿಗಳ ಸಂಖ್ಯೆ. ಚೈತ್ರ ಮಾಸ ಕಳೆಯುವಷ್ಟರಲ್ಲಿ ಎಲೆಗಳು ಹಳದಿಯಾದವು, ಒಂದೊಂದಾಗಿ ಉದುರತೊಡಗಿದವು. ಬಿಸಿಲಿನ ತಾಪವೆಂದು ಭಾವಿಸಿ ದಿನಕ್ಕೆ ಒಮ್ಮೆ ಹಾಕುತ್ತಿದ್ದ ನೀರನ್ನು ಎರಡು ಬಾರಿ ಹಾಕಿಸಿದರು. ಎಲೆ ಉದುರುವುದು ಹೆಚ್ಚಾಯಿತು. ವೈಶಾಖದ ಒಂದು ಬೆಳಿಗ್ಗೆ ಮೊಮ್ಮಗಳು, “ಅಜ್ಜಾ, ಗಿಡದಲ್ಲಿ ಹುಳುಗಳಿವೆ,” ಎಂದು ಕೂಗಿದಳು. ಚಿಗುರೆಲೆಗಳ ಮೇಲೆ ಹನ್ನೊಂದು ಹುಳುಗಳಿದ್ದವು; ಕೆಲವು ಹಕ್ಕಿಯ ಹಿಕ್ಕೆಯಂತೆ ಕಪ್ಪು-ಬಿಳಿ, ಕೆಲವು ಎಲೆಯಂತೆಯೇ ಹಸಿರು. ಎಣಿಸಿದವಳು ಮಗು. ಗಿಡದ ರೋಗಕ್ಕೆ ಕಾರಣ ಸಿಕ್ಕಿತೆಂದು ಯಜಮಾನರಿಗೆ ಸಮಾಧಾನವೇ ಆಯಿತು.

ಅದೇ ದಿನ ಅವರು ಒಂದು ಬಾಟಲಿಯನ್ನು ತರಿಸಿದರು. ಅದರ ಚೀಟಿಯ ಮೇಲೆ ಹಳದಿ ಬಣ್ಣದ ತ್ರಿಕೋನವಿತ್ತು. ನಮ್ಮ ದೇಶದಲ್ಲಿ ಕೀಟನಾಶಕಗಳ ಚೀಟಿಯ ಮೇಲಿನ ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಅತಿ ತೀವ್ರ, ಹಳದಿ ತೀವ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಯಜಮಾನರು ಅದನ್ನು ಓದಲಿಲ್ಲ. ಮನೆಯೊಳಗೆ, ಅಡಿಗೆಮನೆಗೆ ಹದಿನೈದು ಹೆಜ್ಜೆ ದೂರದಲ್ಲಿ, ಹಣ್ಣನ್ನು ಪೂಜೆಗೆ ಒಪ್ಪಿಸಬೇಕಾದ ಗಿಡಕ್ಕೆ ಅದನ್ನು ಸಿಂಪಡಿಸಿದರು. ಸಂಜೆಯ ಹೊತ್ತಿಗೆ ಹನ್ನೊಂದೂ ಹುಳುಗಳು ತಟ್ಟೆಯ ನೀರಿನಲ್ಲಿ ಬಿದ್ದಿದ್ದವು. ಮೊಮ್ಮಗಳು ಆ ರಾತ್ರಿ ಮಾತನಾಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಉಳಿದ ಎಲೆಗಳೂ ಉದುರಿ, ಕಾಯಿಗಳೂ ಒಂದೂ ಉಳಿಯದಂತೆ ಬಿದ್ದುಹೋದವು.

ಆಗ ಕುಮಟಾದ ಬೀಗರು ಯಾವುದೋ ಮದುವೆಯ ನಿಮಿತ್ತ ಬಂದರು. ಅಘನಾಶಿನಿಯ ದಡದಲ್ಲಿ ಅಡಕೆ ತೋಟ ಮಾಡಿಕೊಂಡಿರುವ ವೃದ್ಧರು ಅವರು. ಗಿಡದ ಕಥೆಯನ್ನೆಲ್ಲ ಕೇಳಿದ ಅವರು ಎಲೆಯನ್ನು ನೋಡದೆ ಕುಂಡದ ಮುಂದೆ ಕುಳಿತರು.

“ಬೀಗರೇ, ಗಿಡಕ್ಕೆ ಏನು ಸಿಂಪಡಿಸಿದಿರಿ ಎಂಬುದನ್ನು ಆಮೇಲೆ ಕೇಳುತ್ತೇನೆ. ಹಾಕಿದ ನೀರು ಎಲ್ಲಿಗೆ ಹೋಯಿತು, ಅದನ್ನು ಮೊದಲು ಹೇಳಿ.”

“ಎಲ್ಲಿಗೂ ಹೋಗಲಿಲ್ಲ, ತಟ್ಟೆಯಲ್ಲೇ ಇದೆ. ನೆಲ ಕೊಳೆಯಾಗಬಾರದೆಂದು ಸೊಸೆ ಇಟ್ಟದ್ದು.”

“ತೋಟದಲ್ಲಿ ಬಸಿಗಾಲುವೆ ಮುಚ್ಚಿದರೆ ಅಡಕೆ ಮರ ಉಳಿಯುತ್ತದೆಯೇ?”

ಇಬ್ಬರೂ ಸೇರಿ ಗಿಡವನ್ನು ಮಣ್ಣುಸಹಿತ ಕುಂಡದಿಂದ ಎತ್ತಿದರು. ತಳದ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿತ್ತು. ಮೇಲ್ಮಣ್ಣು ಒಣಗಿದಂತೆ ಕಂಡರೂ ಕೆಳಗಿನದು ಕೆಸರಾಗಿ ಕೆಟ್ಟ ವಾಸನೆ ಬರುತ್ತಿತ್ತು. ಬಿಳಿಯಾಗಿ ಗಟ್ಟಿಯಾಗಿರಬೇಕಾದ ಬೇರುಗಳು ಕಂದಾಗಿ, ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ನೂಲಿನಂತಹ ನಡು ಮಾತ್ರ ಉಳಿಯುತ್ತಿತ್ತು. ಬೀಗರು ಬಾವಿಯ ನೀರನ್ನು ಸೋಸಿ ತರಿಸಿ ನಾಲಿಗೆಗೆ ಹಚ್ಚಿ, “ಸವುಳು,” ಎಂದರು. ಶರಾವತಿಯ ಅಳಿವೆಗೆ ಸಮೀಪವಿರುವ ಬಾವಿಗಳ ನೀರು ಬೇಸಿಗೆಯ ಕೊನೆಯಲ್ಲಿ ಉಪ್ಪಾಗುವುದು ಅಲ್ಲಿನವರಿಗೆ ಗೊತ್ತಿರುವ ಸಂಗತಿ. ಲಿಂಬೆಯ ವರ್ಗದ ಗಿಡಗಳು ಉಪ್ಪನ್ನು ಸಹಿಸುವುದಿಲ್ಲವೆಂಬುದು ಯಜಮಾನರಿಗೆ ಗೊತ್ತಿರಲಿಲ್ಲ. ನೀರು ಹೆಚ್ಚಾಗಿ ಬೇರು ಕೊಳೆತಿತ್ತು. ಕೊಳೆತ ಬೇರು ನೀರನ್ನು ಹೀರಲಾರದೆ ಎಲೆ ಬಾಡಿತ್ತು. ಬಾಡಿದ ಎಲೆಯನ್ನು ಕಂಡು ಇನ್ನಷ್ಟು ನೀರು ಹಾಕಲಾಗಿತ್ತು. ಹುಳುಗಳು ಬಂದದ್ದು ಇದೆಲ್ಲ ಆದ ಮೇಲೆ, ಉಳಿದಿದ್ದ ನಾಲ್ಕು ಚಿಗುರುಗಳಿಗೆ. ಎಲೆ ಉದುರಿದ್ದಕ್ಕೂ ಅವುಗಳಿಗೂ ಸಂಬಂಧವೇ ಇರಲಿಲ್ಲ.

“ಹಾಗಾದರೆ ಆ ಹನ್ನೊಂದು ಜೀವಗಳು ವ್ಯರ್ಥವಾಗಿ ಹೋದವೇ?” ಎಂದು ಯಜಮಾನರು ಕೇಳಿದರು. ಬೀಗರು ಉತ್ತರ ಕೊಡಲಿಲ್ಲ. ಕೊಳೆತ ಬೇರುಗಳನ್ನು ಕತ್ತರಿಸುವುದರಲ್ಲಿ ತೊಡಗಿದ್ದರು.

ಈ ಪ್ರಶ್ನೆಯಲ್ಲಿಯೇ ವಿಚಾರಮಾಡಬೇಕಾದ ವಿಷಯವೆಲ್ಲ ಅಡಗಿದೆ. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣವಿಯೋಗಕ್ಕಿಂತ ಮೊದಲು ಪ್ರಮಾದವನ್ನು ಇಡುತ್ತಾರೆ. ಪ್ರಮಾದವೆಂದರೆ ದ್ವೇಷವೇ ಆಗಬೇಕೆಂದಿಲ್ಲ. ನೋಡಬೇಕಾದದ್ದನ್ನು ನೋಡದಿರುವುದು, ತಿಳಿಯಬಹುದಾಗಿದ್ದುದನ್ನು ತಿಳಿಯದಿರುವುದು, ಅವಸರಪಡುವುದು, ಇವೂ ಪ್ರಮಾದಗಳೇ. ಯಜಮಾನರಿಗೆ ಹುಳುಗಳ ಮೇಲೆ ದ್ವೇಷವಿರಲಿಲ್ಲ. ಅವರಿಗಿದ್ದುದು ಫಲದ ಆಸೆ, ಅದೂ ಧರ್ಮಕಾರ್ಯಕ್ಕಾಗಿ ಎಂಬ ಸಮರ್ಥನೆಯನ್ನು ಹೊತ್ತ ಆಸೆ. ಆ ಆಸೆ ಅವರ ಕಣ್ಣನ್ನು ಮುಚ್ಚಿತು. ಸರಿಯಾದ ನಿದಾನವಾಗಿದ್ದರೆ ಒಂದು ತಟ್ಟೆಯನ್ನು ತೆಗೆದಿಡುವುದೇ ಚಿಕಿತ್ಸೆಯಾಗುತ್ತಿತ್ತು. ಒಂದು ಜೀವವೂ ಹೋಗುತ್ತಿರಲಿಲ್ಲ. ತಪ್ಪು ನಿದಾನದಿಂದ ಹುಳುಗಳೂ ಸತ್ತವು, ಗಿಡವೂ ಸಾವಿನ ಅಂಚಿಗೆ ಬಂತು.

ಇನ್ನೊಂದು ಅಂಶವೂ ಇದೆ. ಅಹಿಂಸಾಣುವ್ರತದ ಐದು ಅತಿಚಾರಗಳೆಂದರೆ ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವನ್ನು ಸಾಮಾನ್ಯವಾಗಿ ದನಕರುಗಳ ಮತ್ತು ಆಳುಕಾಳುಗಳ ವಿಷಯದಲ್ಲಿ ವಿವರಿಸುವುದು ರೂಢಿ. ಆದರೆ ನೆಲದಲ್ಲಿರುವ ಮರ ತನಗೆ ಬೇಕಾದ ನೀರನ್ನು ತಾನೇ ಅರಸಿ ಬೇರು ಚಾಚುತ್ತದೆ; ಬೇಡವಾದ ನೀರು ಬಸಿದುಹೋಗುತ್ತದೆ. ಕುಂಡದಲ್ಲಿಟ್ಟ ಗಿಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದರ ನೀರು, ಬೆಳಕು, ಗಾಳಿ, ಮಣ್ಣು ಎಲ್ಲವೂ ಇಟ್ಟವನ ಕೈಯಲ್ಲಿ. ಏಕೇಂದ್ರಿಯ ಜೀವವೊಂದನ್ನು ಹೀಗೆ ಬಂಧದಲ್ಲಿಟ್ಟ ಗೃಹಸ್ಥನು ಅದರ ಅನ್ನಪಾನದ ಹೊಣೆಯನ್ನೂ ಹೊತ್ತಿದ್ದಾನೆ ಎಂದು ಭಾವಿಸುವುದರಲ್ಲಿ ಅತಿಶಯೋಕ್ತಿಯಿಲ್ಲ.

ಬೀಗರು ಹೊರಡುವ ಮೊದಲು ಯಜಮಾನರು ಅಂಗಡಿಯ ಹಳೆಯ ರೋಜುಮೇಳದ ಪುಸ್ತಕವೊಂದನ್ನು ತೆಗೆದು, ಗಿಡದ ಲೆಕ್ಕವನ್ನು ಬರೆಯಲು ಆರಂಭಿಸಿದರು. ಅಂಗಡಿಯಲ್ಲಿ ನಷ್ಟ ಕಂಡಾಗ ಗುಮಾಸ್ತನ ಮೇಲೆ ಸಂಶಯಪಡುವ ಮೊದಲು ಲೆಕ್ಕವನ್ನು ತಾಳೆ ನೋಡುವ ವ್ಯಾಪಾರಿ, ಗಿಡದಲ್ಲಿ ನಷ್ಟ ಕಂಡಾಗ ಮೊದಲು ಕಂಡ ಜೀವವನ್ನೇ ಕಳ್ಳನೆಂದು ಏಕೆ ತೀರ್ಮಾನಿಸಬೇಕು? ಆ ಪುಸ್ತಕದಲ್ಲಿ ಕ್ರಮೇಣ ರೂಪುಗೊಂಡ ಪರೀಕ್ಷಾಕ್ರಮವು ಕುಂಡಗಳಲ್ಲಿ ಲಿಂಬೆ, ಕಂಚಿ, ಕಿತ್ತಳೆ, ಮೂಸಂಬಿಗಳನ್ನು ಸಾಕುವ ಎಲ್ಲ ಶ್ರಾವಕ-ಶ್ರಾವಿಕೆಯರಿಗೂ ಉಪಯೋಗವಾಗುವಂತಹುದು.

ಮೊದಲನೆಯದು ಬೇರಿನ ಪರೀಕ್ಷೆ. ಎರಡು ಅಂಗುಲ ಆಳಕ್ಕೆ ಬೆರಳನ್ನಿಟ್ಟು ನೋಡಿ ಒಣಗಿದ್ದರೆ ಮಾತ್ರ ನೀರು. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಶಂಕಿಸಬೇಕು. ಎಲೆಯ ತುದಿ ಮತ್ತು ಅಂಚು ಮಾತ್ರ ಸುಟ್ಟಂತಾಗಿದ್ದರೆ ನೀರಿನ ಉಪ್ಪನ್ನು ಪರೀಕ್ಷಿಸಬೇಕು. ಬುಡದಲ್ಲಿ ತೊಗಟೆ ಬಿರಿದು ಅಂಟು ಸೋರುತ್ತಿದ್ದರೆ ಅದು ಅಂಟುರೋಗ. ಕಾಂಡದ ಸುತ್ತ ಮಣ್ಣು ಏರಿಸಿದ್ದರೆ ಕೂಡಲೇ ಸರಿಸಬೇಕು. ಬೇರುಕೊಳೆ, ಅಂಟುರೋಗಗಳಿಗೆ ಸಾಮಾನ್ಯವಾಗಿ ಕಾರಣವಾಗುವ ಸೂಕ್ಷ್ಮಜೀವಿಯು ಅಡಕೆಯ ಕೊಳೆರೋಗವನ್ನು ತರುವುದರ ವರ್ಗಕ್ಕೇ ಸೇರಿದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಅಭ್ಯಸಿಸಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಕೆ ಬೆಳೆಗಾರರಲ್ಲಿ ರೂಢಿಗೆ ತಂದರು. ರೋಗದ ಮೂಲ ಯಾವುದೆಂದು ತಿಳಿದ ಮೇಲೆಯೇ ಮದ್ದು ನಿಶ್ಚಯವಾಯಿತೆಂಬುದು ಇಲ್ಲಿ ಗಮನಾರ್ಹ.

ಎರಡನೆಯದು ಸ್ಥಾನದ ಪರೀಕ್ಷೆ. ಲಿಂಬೆಗೆ ದಿನಕ್ಕೆ ಐದಾರು ತಾಸಾದರೂ ನೇರ ಬಿಸಿಲು ಬೇಕು. ಹೊರಗಿದ್ದ ಗಿಡವನ್ನು ಒಮ್ಮೆಲೇ ಒಳಗೆ ತಂದರೆ ಬೆಳಕಿನ ವ್ಯತ್ಯಾಸಕ್ಕೇ ಎಲೆ ಉದುರಿಸುತ್ತದೆ, ಅದು ರೋಗವಲ್ಲ. ಮನೆಯೊಳಗೆ ಮಳೆಯ ಹನಿಗಳು ಎಲೆಯನ್ನು ತೊಳೆಯುವುದಿಲ್ಲ, ಕೀಟಗಳನ್ನು ತಿನ್ನುವ ಗುಲಗಂಜಿ ಹುಳು, ಜೇಡ, ಹಕ್ಕಿಗಳು ಬರುವುದಿಲ್ಲ. ಆದುದರಿಂದಲೇ ಅಂಗಳದಲ್ಲಿ ಅಪರೂಪವಾದ ಕೀಟ ಒಳಗೆ ಹೆಚ್ಚುತ್ತದೆ. ಕಿಟಕಿಯ ಗಾಜು ಗಾಳಿಯನ್ನು ತಡೆಯುವುದರ ಜೊತೆಗೆ ಪ್ರಕೃತಿಯ ಸಮತೋಲವನ್ನೂ ತಡೆಯುತ್ತದೆ.

ಮೂರನೆಯದು ಎಲೆಯ ವಯಸ್ಸಿನ ಪರೀಕ್ಷೆ. ಹಳೆಯ ಎಲೆಗಳು ಒಟ್ಟಾಗಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ತೊಟ್ಟಿನ ಬಳಿ ತ್ರಿಕೋನಾಕಾರದಲ್ಲಿ ಮಾತ್ರ ಹಸಿರು ಉಳಿದಿದ್ದರೆ ಮೆಗ್ನೀಷಿಯಂ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣ. ಹೊಸ ಎಲೆ ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆಗಳು ಎಡಬಲಗಳಲ್ಲಿ ಸಮವಾಗಿ ಕಂಡರೆ ಸತು. ಆದರೆ ಬೇರು ಕೊಳೆತಿದ್ದರೆ ಮಣ್ಣಿನಲ್ಲಿ ಸಾರವಿದ್ದೂ ಗಿಡಕ್ಕೆ ದೊರೆಯುವುದಿಲ್ಲ. ಆದುದರಿಂದ ಮೊದಲ ಪರೀಕ್ಷೆ ಮುಗಿಯದೆ ಗೊಬ್ಬರ ಹಾಕಬಾರದು.

ಈ ಮೂರರಲ್ಲೂ ಕಾರಣ ದೊರೆಯದಿದ್ದರೆ ನಾಲ್ಕನೆಯದಾಗಿ ಜೀವಿಗಳ ಪರೀಕ್ಷೆ. ಎಲೆಯ ಎರಡೂ ಮೈಗಳನ್ನೂ ಕೊಂಬೆಯ ಸಂದುಗಳನ್ನೂ ಭೂತಗನ್ನಡಿಯಿಂದ ನೋಡಬೇಕು. ಎಲೆಯ ಮೇಲೆ ಕಪ್ಪು ಮಸಿಯಂತಹುದು ಹರಡಿ, ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋದರೆ ಅದು ಕಪ್ಪು ಬೂಷ್ಟು. ಅದು ಎಲೆಯನ್ನು ತಿನ್ನುವುದಿಲ್ಲ. ಸಸ್ಯಹೇನು, ಶಲ್ಕಕೀಟ, ಹಿಟ್ಟುತಿಗಣೆಗಳು ಸುರಿಸಿದ ಸಿಹಿರಸದ ಮೇಲೆ ಬೆಳೆಯುತ್ತದೆ. ಇರುವೆಗಳು ಸಾಲುಗಟ್ಟಿ ಗಿಡವನ್ನು ಏರುತ್ತಿದ್ದರೂ ಇದೇ ಅರ್ಥ. ಕೊಂಬೆಯ ಮೇಲೆ ಚಿಪ್ಪಿನಂತಹ ಕಂದು ಗುಬುಟುಗಳು ಉಗುರಿಗೆ ಕಳಚಿಬಂದರೆ ಶಲ್ಕಕೀಟ, ಸಂದುಗಳಲ್ಲಿ ಅರಳೆಯಂತಹ ಬಿಳುಪು ಕಂಡರೆ ಹಿಟ್ಟುತಿಗಣೆ. ಎಲೆ ಸೂಜಿಮೊನೆಯ ಚುಕ್ಕೆಗಳಿಂದ ಮಂಕಾಗಿದ್ದರೆ ಬಿಳಿಯ ಕಾಗದದ ಮೇಲೆ ಎಲೆಯನ್ನು ಮೆಲ್ಲನೆ ತಟ್ಟಬೇಕು. ಬಿದ್ದ ಕಣಗಳು ಚಲಿಸಿದರೆ ನುಸಿ. ಒಣಹವೆಯಲ್ಲಿ ಅದು ಹೆಚ್ಚುತ್ತದೆ. ಎಲೆಗಳಿಗೆ ನೀರು ಚಿಮುಕಿಸುತ್ತಿದ್ದರೆ ಹೆಚ್ಚುವುದು ಕಡಿಮೆಯಾಗುತ್ತದೆ. ಎಲೆಯಲ್ಲಿ ಬೆಳ್ಳಿಯ ಬಣ್ಣದ ಅಂಕುಡೊಂಕು ಗೆರೆಗಳು ಮೂಡಿದ್ದರೆ ರಂಗೋಲಿ ಹುಳು. ಅದು ಎಳೆಯ ಚಿಗುರಿನಲ್ಲಿ ಮಾತ್ರ ಇರುತ್ತದೆ. ಬಲಿತ ಗಿಡವನ್ನು ಕೊಲ್ಲುವುದಿಲ್ಲ. ಗೆರೆಗಳು ಕಾಣುವ ವೇಳೆಗೆ ಹುಳು ಎಷ್ಟೋ ಬಾರಿ ಹೊರಟುಹೋಗಿರುತ್ತದೆ. ಸುಮ್ಮನಿರುವುದೇ ಇಲ್ಲಿ ಮದ್ದು.

ಎಲೆ ಮತ್ತು ಕಾಯಿಗಳ ಮೇಲೆ ಉಬ್ಬಿದ ಒರಟು ಕಂದು ಕಲೆಗಳು, ಸುತ್ತ ಹಳದಿ ಬಳೆ ಕಂಡರೆ ಅದು ಕಜ್ಜಿರೋಗ. ಬ್ಯಾಕ್ಟೀರಿಯಾದಿಂದ ಬರುವ ಈ ರೋಗವು ಮಳೆಹನಿ ಸಿಡಿಯುವುದರಿಂದಲೂ ಗಾಳಿಯಿಂದಲೂ ಹರಡುತ್ತದೆ. ಲಿಂಬೆಗೆ ಇದರ ಬಾಧೆ ಹೆಚ್ಚು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕುಂಡಕ್ಕೆ ಒಂದು ಅನುಕೂಲವಿದೆ: ಮಳೆಗಾಲದಲ್ಲಿ ಅದನ್ನು ಸೂರಿನ ಕೆಳಗೆ ಸರಿಸಿ ಎಲೆಯನ್ನು ಒಣಗಿಸಿಡಬಹುದು. ಕೊನೆಯದಾಗಿ, ಎಲೆಯ ನಡುನರದ ಎರಡು ಪಕ್ಕಗಳಲ್ಲಿ ಅಸಮವಾದ ಹಳದಿ ಮಚ್ಚೆ, ಕಾಯಿ ಓರೆಯಾಗಿ ಹಣ್ಣಾದರೂ ತುದಿ ಹಸಿರಾಗಿ ಉಳಿಯುವುದು, ಇವು ‘ಗ್ರೀನಿಂಗ್’ ರೋಗದ ಲಕ್ಷಣಗಳು. ಸಿಲ್ಲಾ ಎಂಬ ಸಣ್ಣ ಕೀಟ ಇದನ್ನು ಹರಡುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಕ್ಷೀಣಿಸಿದ್ದಕ್ಕೆ ಇದೂ ಒಂದು ಕಾರಣ; 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆಯ ಉದ್ಯಮವನ್ನೇ ಕುಗ್ಗಿಸಿತು. ಇದನ್ನು ಗುಣಪಡಿಸುವ ಮದ್ದಿಲ್ಲ; ಗಿಡವನ್ನು ತೆಗೆಯಬೇಕಾಗುತ್ತದೆ. ಸತುವಿನ ಕೊರತೆಯನ್ನು ಇದೆಂದು ತಿಳಿದು ಬದುಕುವ ಗಿಡವನ್ನು ಕಿತ್ತವರೂ ಉಂಟು, ಇದನ್ನು ಕೊರತೆಯೆಂದು ತಿಳಿದು ಸುತ್ತಲಿನ ಗಿಡಗಳಿಗೆ ಹರಡಗೊಟ್ಟವರೂ ಉಂಟು. ಮಚ್ಚೆ ಸಮವೋ ಅಸಮವೋ ಎಂದು ನೋಡುವ ಒಂದು ನಿಮಿಷದಲ್ಲಿ ಜೀವದ ನಿರ್ಣಯವಿದೆ.

ನಿದಾನ ಸರಿಯಾದ ಮೇಲೂ ಧರ್ಮಸಂಕಟ ಮುಗಿಯುವುದಿಲ್ಲ. ಗಿಡವು ಏಕೇಂದ್ರಿಯ, ಕೃಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು ಇಂದ್ರಿಯಗಳು. ಗೃಹಸ್ಥನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ತಿಯಾಗಿ ಬಿಡಲಾರನಾದರೂ ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕೆಂದು ಆಚಾರ್ಯರ ಉಪದೇಶ. ಒಂದು ಗಿಡದ ಎಲೆಗಾಗಿ ಹಲವು ತ್ರಸಜೀವಗಳನ್ನು ತಿಳಿದೂ ತಿಳಿದೂ ಕೊಲ್ಲುವುದು ಯಾವ ವರ್ಗಕ್ಕೆ ಸೇರುತ್ತದೆಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಬೇವಿನ ಎಣ್ಣೆ ಸಾವಯವ, ಆದುದರಿಂದ ದೋಷವಿಲ್ಲ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಮನುಷ್ಯನಿಗೆ ಅದರಿಂದ ಅಪಾಯ ಕಡಿಮೆಯೆಂಬುದು ನಿಜ. ಆದರೆ ಬೇವಿನ ಸತ್ತ್ವವು ಹುಳುವಿನ ಪೊರೆ ಕಳಚದಂತೆ ತಡೆಯುತ್ತದೆ, ಎಣ್ಣೆಯು ಶಲ್ಕಕೀಟದ ಉಸಿರನ್ನು ಕಟ್ಟುತ್ತದೆ. ಸಾಯುವ ಜೀವಕ್ಕೆ ಸಾವಯವ, ರಾಸಾಯನಿಕ ಎಂಬ ಭೇದವಿಲ್ಲ. ಶಲ್ಕಕೀಟ ಹತ್ತಿದ ಕೊಂಬೆಯನ್ನು ಕತ್ತರಿಸಿ ಹೊರಗಿನ ಮರದ ಬುಡದಲ್ಲಿಟ್ಟು ‘ಅಲ್ಲಿ ಬದುಕಿಕೊಳ್ಳುತ್ತವೆ’ ಎಂದು ಹೇಳಿಕೊಳ್ಳುವುದೂ ಆತ್ಮವಂಚನೆಯೇ. ಅವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಅನಿವಾರ್ಯವಾದುದನ್ನು ಅನಿವಾರ್ಯವೆಂದು ಒಪ್ಪಿ, ಅಲ್ಪವಾಗಿಸಿ, ಆಲೋಚನೆಯಲ್ಲಿ ನಿವೇದಿಸುವುದು ಪ್ರಾಮಾಣಿಕವಾದ ದಾರಿ.

ಶ್ರಾವಕನು ತೊರೆಯಬೇಕೆಂದು ಹೇಳಿದ ಹದಿನೈದು ಕ್ರೂರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದು. ಆ ಮಾತಿನ ಹಿಂದಿನ ದೂರದೃಷ್ಟಿ ಕರಾವಳಿಯವರಿಗೆ ಕಷ್ಟಪಟ್ಟು ತಿಳಿದುಬಂತು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿಯೂ ಅದರ ಸಂತ್ರಸ್ತರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. ಗೇರಿನ ಹೂವನ್ನು ಬಾಧಿಸುವ ಒಂದು ಸಣ್ಣ ಕೀಟಕ್ಕೆಂದು ಹೊರಟ ವಿಷ ಮನುಷ್ಯರ ಮಕ್ಕಳನ್ನು ಮುಟ್ಟಿತು.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿಷಯವನ್ನು ಗಮನಿಸುವುದು ಒಳ್ಳೆಯದು. ಪ್ರಾಕಾರದ ಅಲಂಕಾರಕ್ಕಾಗಿ ಸಾಲಾಗಿ ಕುಂಡಗಳನ್ನಿಟ್ಟು, ತಿಂಗಳಿಗೊಮ್ಮೆ ಕೂಲಿಯವನಿಂದ ಔಷಧ ಹೊಡೆಸುವ ಪದ್ಧತಿ ಕೆಲವೆಡೆ ಬಂದಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಗೆಗಳಲ್ಲಿ ದೋಷ ಸಮಾನವಾಗಿ ತಟ್ಟುತ್ತದೆಂದು ಪ್ರವಚನಗಳಲ್ಲಿ ಕೇಳುವವರು, ಲೆಕ್ಕಪತ್ರದಲ್ಲಿ ‘ಗಿಡಗಳ ಔಷಧ’ ಎಂಬ ಖರ್ಚಿಗೆ ಸಹಿಮಾಡುವಾಗ ಅದನ್ನು ನೆನೆಯಬೇಕು. ನೋಡಿಕೊಳ್ಳಲು ಆಗುವಷ್ಟೇ ಕುಂಡಗಳನ್ನಿಟ್ಟು, ಸಾಧ್ಯವಿದ್ದಲ್ಲಿ ನೆಲದಲ್ಲಿಯೇ ಗಿಡ ನೆಟ್ಟು, ರೋಗ ಕಂಡಾಗ ನೋಡಿ ತಿಳಿಯುವ ಒಬ್ಬರನ್ನು ನೇಮಿಸಿದರೆ ಖರ್ಚೂ ಕಡಿಮೆ, ದೋಷವೂ ಕಡಿಮೆ.

ಹೊನ್ನಾವರದ ಗಿಡ ಸಾಯಲಿಲ್ಲ. ಕೊಳೆತ ಬೇರನ್ನು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಏರಿಸಿ, ಸಿಹಿನೀರನ್ನು ಅಳತೆಯಾಗಿ ಹಾಕಿದ ಮೇಲೆ ಆಷಾಢದಲ್ಲಿ ಚಿಗುರಿತು. ಮರುವರ್ಷದ ಮಳೆಗಾಲದಲ್ಲಿ ಹುಳುಗಳು ಮತ್ತೆ ಬಂದವು, ಈ ಸಲ ಏಳು. ಮುಟ್ಟಿದಾಗ ತಲೆಯಿಂದ ಕಿತ್ತಳೆ ಬಣ್ಣದ ಕವಲುಕೊಂಬನ್ನು ಹೊರಚಾಚಿ ಘಾಟುವಾಸನೆ ಬೀರಿದವು. ಅವು ಲಿಂಬೆ ಚಿಟ್ಟೆಯ ಮರಿಗಳೆಂದು ಯಜಮಾನರಿಗೆ ಈಗ ಗೊತ್ತಿತ್ತು. ಎರಡು ಮೂರು ವಾರ ತಿಂದು ಅವು ಕೋಶ ಕಟ್ಟುತ್ತವೆ. ಹೆಚ್ಚಾಗಿ ಲಿಂಬೆ, ಬಿಲ್ವ, ಕರಿಬೇವುಗಳ ವರ್ಗದ ಎಲೆಗಳನ್ನೇ ತಿನ್ನುತ್ತವೆ. ನೀರನ್ನು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಹಿಂದಿರುಗಿಸುವ ಪದ್ಧತಿಯನ್ನು ಅವರು ಬಾಲ್ಯದಿಂದ ಕಂಡವರು. ಆ ಪದ್ಧತಿಯಂತೆಯೇ ಆರು ಹುಳುಗಳನ್ನು ಎಲೆಸಹಿತ ಡಬ್ಬಿಯಲ್ಲಿಟ್ಟುಕೊಂಡು ನೆರೆಮನೆಯ ಹಿತ್ತಲಿನ ದೊಡ್ಡ ಕಂಚಿಮರದಲ್ಲಿ ಬಿಟ್ಟುಬಂದರು. ಒಂದನ್ನು ಮೊಮ್ಮಗಳ ಬೇಡಿಕೆಯಂತೆ ಗಿಡದಲ್ಲಿಯೇ ಉಳಿಸಿದರು.

“ಅಜ್ಜಾ, ಅಲ್ಲಿ ಹಕ್ಕಿ ತಿಂದರೆ?” ಎಂದು ಮಗು ಕೇಳಿತು.

“ತಿನ್ನಬಹುದು ಮಗೂ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ಕೊಲ್ಲದಿರುವುದು ಕೈಯಲ್ಲಿತ್ತು, ಹೋದ ವರ್ಷ.”

ಆ ವರ್ಷವೂ ದಶಲಕ್ಷಣ ಪರ್ವಕ್ಕೆ ಗಿಡದಲ್ಲಿ ಹಣ್ಣಿರಲಿಲ್ಲ. ಯಜಮಾನರು ಪೇಟೆಯಿಂದ ಕೊಂಡ ಹಣ್ಣನ್ನೇ ಒಪ್ಪಿಸಿದರು. ತಾಯಿಯ ಮಾತನ್ನು ನಡೆಸಲು ಇನ್ನೊಂದು ವರ್ಷ ಕಾದರೂ ಆದೀತೆಂಬ ಸಮಾಧಾನ ಅವರಿಗೆ ಬಂದಿತ್ತು. ಕ್ಷಮಾವಣಿಯ ದಿನ ಬಂಧುಗಳೆಲ್ಲರ ಕ್ಷಮೆ ಕೇಳಿ ಮನೆಗೆ ಬಂದ ಮೇಲೆ ರೋಜುಮೇಳದ ಪುಸ್ತಕವನ್ನು ತೆರೆದು, ಅದರ ಮೊದಲ ಪುಟದಲ್ಲಿ ಹಿಂದಿನ ವೈಶಾಖದ ತಿಥಿಯನ್ನು ಬರೆದು, ಎದುರಿಗೆ ‘ಹನ್ನೊಂದು ಜೀವಗಳು, ಬಾಕಿ’ ಎಂದು ನಮೂದಿಸಿದರು. ತೀರಿಸಲಾಗದ ಬಾಕಿಯನ್ನೂ ಪುಸ್ತಕದಲ್ಲಿ ತೋರಿಸುವುದು ಒಳ್ಳೆಯ ವ್ಯಾಪಾರಿಯ ಲಕ್ಷಣ. ಗಿಡವೋ ಹುಳುವೋ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಒಮ್ಮೆ ಬಗ್ಗಿ ಕುಂಡದ ತಳವನ್ನು ನೋಡುವ ಅಭ್ಯಾಸ ಶ್ರಾವಕರ ಮನೆಗಳಲ್ಲಿ ಬಂದರೆ, ಇಂತಹ ಬಾಕಿಗಳು ಬೆಳೆಯುವುದಾದರೂ ನಿಂತೀತು.